ಎಬ್ಬಿಸದ ಪೋರ್ಟ್

ನವೆಂಬರ್ 3, ಸಂಜೆ
ಕೋಲ್ಡ್ ಸ್ಟೋರೇಜಿನ ಹಳೇ ಪ್ರೋಗ್ರಾಂ ಹೊಸ ಕಂಪ್ಯೂಟರಿಗೆ ಮುಕ್ಕಾಲು ಪಾಲು ಬಂತು. ಸೀರಿಯಲ್ ಕೇಬಲಿನಿಂದ ಟೆಂಪರೇಚರ್ ಸರಿಯಾಗಿ ಬೀಳ್ತಿದೆ. ಒಂದು ತುಂಡು ಕೋಡ್ ಮಾತ್ರ ಗಂಟಲ ಮುಳ್ಳು. ಡೇಟಾ ಬಂದಾಗಲ್ಲ, ಕೇಬಲ್ ಚುಚ್ಚುವ ಪೋರ್ಟಿನ ಒಂದು ಪಿನ್ನಲ್ಲಿ ವೋಲ್ಟೇಜ್ ಏರಿದಾಗ ಓಡುವಂಥದ್ದು. ಯಾಕೋ ಗೊತ್ತಿಲ್ಲ. ಬರೆದವರು ತೀರಿಕೊಂಡಿದ್ದಾರೆ.
ಮ್ಯಾನೇಜರ್: "ಟೆಸ್ಟಲ್ಲಿ ಒಂದ್ಸಲಾನೂ ಓಡ್ಲಿಲ್ವಲ್ಲ, ಬಿಟ್ಬಿಡಿ."
ಬಿಟ್ಟೆ. ತಯಾರಾದ ಪ್ರೋಗ್ರಾಂ, ಅಂದರೆ ಬಿಲ್ಡ್, ಕಳಿಸಿದೆ.

ನವೆಂಬರ್ 4
ನಾದಿನಿ ಊಟಕ್ಕೆ ಬಂದಿದ್ದಳು. ಅದೇ ಸ್ಟೋರೇಜಿನ ಕಂಪ್ರೆಸರ್ ರೂಮಲ್ಲಿ ಆಪರೇಟರ್. ಮಾತಿಗೆ ಮಾತು ಬಂದು ಪಿನ್ ವಿಷಯ ಎತ್ತಿದೆ.
ಕೈಲಿದ್ದ ತುತ್ತು ತಟ್ಟೆಗಿಟ್ಟಳು. "ಅತ್ತಿಗೆ, ಅದು ಅಮೋನಿಯಾ ಸೆನ್ಸರ್ ತಂತಿ. ಆ ವಿಷಗಾಳಿ ಲೀಕ್ ಆದ್ರೆ ಸೈರನ್ ಕೂಗ್ಸೋದು ಆ ಕಂಪ್ಯೂಟರೇ."
"ಯಾವಾಗಾದ್ರೂ ಕೂಗಿದ್ಯಾ?"
"ಕೂಗಿದ್ದಕ್ಕೇ ನಾನಿಲ್ಲಿ ಕೂತು ಉಣ್ತಿದೀನಿ." ನಕ್ಕಳು.
ನಾನು ಊಟ ಬಿಟ್ಟೆದ್ದು ಲ್ಯಾಪ್‌ಟಾಪ್ ತೆರೆದೆ.

ನವೆಂಬರ್ 7
ಪೋರ್ಟ್ ನೋಡಿಕೊಳ್ಳೋ ಹೊಸ ಲೈಬ್ರರಿ, ಅಂದರೆ ಸಿದ್ಧ ಕೋಡ್, ಡೇಟಾ ಬಂದರೆ ನನ್ನ ಪ್ರೋಗ್ರಾಮನ್ನು ಎಬ್ಬಿಸುತ್ತೆ. ಪಿನ್ ಏರಿದರೆ — ಊಹೂಂ. ಪದೇ ಪದೇ ಪಿನ್ ಇಣುಕಿ ನೋಡುವ ಕೋಡ್ ನಾನೇ ಬರೆದೆ. ನನ್ನ ಟೇಬಲ್ ಮೇಲೆ ಕೆಲಸ ಮಾಡ್ತು. ಸೈರನ್ ವಿಷಯ ಮ್ಯಾನೇಜರಿಗೆ ಹೇಳಿದೆ.
ಮ್ಯಾನೇಜರ್: "ನೀವು ಮೊನ್ನೆ ಕಳಿಸಿದ ಬಿಲ್ಡ್ ಸ್ಟೋರೇಜಲ್ಲಿ ಆಗ್ಲೇ ಹಾಕಿಯಾಯ್ತು. ಇದು ಮುಂದಿನ ಅಪ್‌ಡೇಟಲ್ಲಿ."
ಹಳೇ ಕಂಪ್ಯೂಟರನ್ನಾದರೂ ಇಟ್ಟಿರಿ ಅಂದೆ. ಗುಜರಿಗೆ ಹೋಗಿದೆಯಂತೆ. ಗೋಡೆಗೆ ತಲೆ ಚಚ್ಚಿಕೊಂಡಂತಾಯ್ತು.
ನಾದಿನಿಗೆ ಫೋನ್ ಮಾಡಿ ರಜೆ ಹಾಕು ಅಂದೆ.
"ನಾನು ಹಾಕಿದ್ರೆ ಆ ಸ್ಟೂಲ್ ಮೇಲೆ ಇನ್ನೊಬ್ಳು ಕೂರ್ತಾಳೆ ಅತ್ತಿಗೆ."

ನವೆಂಬರ್ 12, ಬೆಳಿಗ್ಗೆ
ಸ್ಟೋರೇಜಿನ ಗೇಟ್ ಹತ್ತಿರ. ಸುಮ್ಮನೆ ನಿಲ್ಲಲಾಗದೆ ಬರೀತಿದೀನಿ.
ಯಾರನ್ನೂ ಕೇಳದೆ ಪೆನ್‌ಡ್ರೈವ್ ತಂದಿದ್ದೆ. ಕಂಟ್ರೋಲ್ ರೂಮಲ್ಲಿ ಪಿನ್ ನೋಡುವ ಹೊಸ ಬಿಲ್ಡ್ ಹಾಕಿದೆ. ಪ್ರೋಗ್ರಾಂ ಶುರುವಾದ ಕ್ಷಣವೇ ಸೈರನ್.
ಅಂದರೆ ಪಿನ್ ಮೊದಲೇ ಏರಿತ್ತು, ಗ್ಯಾಸ್ ಆಗಲೇ ಸೋರುತ್ತಿತ್ತು. ಎಷ್ಟು ಹೊತ್ತಿನಿಂದಲೋ...
ಎಲ್ಲರೂ ಗೇಟಿಗೆ ಓಡಿ ಬಂದೆವು. ನಾದಿನಿಯೂ. ಕಣ್ಣು ಕೆಂಡ, ಬಿಡದ ಕೆಮ್ಮು. ನನ್ನ ಕೈ ಗಟ್ಟಿಯಾಗಿ ಹಿಡಿದಳು. ಆಮೇಲೆ ಸುತ್ತ ನೋಡಿದಳು. "ಗ್ರೀಸ್ ಹಾಕೋಳು ಬಂದಿಲ್ಲ. ಪಂಪ್ ಹಿಂದೆ ಇದ್ಲು."
ಕೈ ಬಿಡಿಸಿಕೊಂಡಳು. ಗೇಟಿನ ಪೆಟ್ಟಿಗೆಯಿಂದ ಗ್ಯಾಸ್ ಮಾಸ್ಕ್ ತೆಗೆದು ಹಾಕಿಕೊಂಡಳು, ಇನ್ನೊಂದನ್ನು ಅವಳಿಗೆ ಅಂತ ಕೈಲಿ ಹಿಡಿದು ಒಳಗೆ ಹೋದಳು.
ಫೈರ್‌ನವರು ಈಗ ಬಂದರು. ನನ್ನನ್ನು ಒಳಗೆ ಬಿಡ್ತಿಲ್ಲ. ಮ್ಯಾನೇಜರ್ ಫೋನ್ ಹೊಡ್ಕೋತಾನೇ ಇದೆ.
ಬಾಗಿಲು ತೆರೀತು. ಬಿಳೀ ಹೊಗೆ. ಇಬ್ಬರು. ಇಬ್ಬರಿಗೂ ಮಾಸ್ಕ್. ಒಬ್ಬಳು ಇನ್ನೊಬ್ಬಳನ್ನ ಹೆಗಲ ಮೇಲೆ ಹೊತ್ತು... ಹೊತ್ತವಳು ನಾದಿನಿಯೋ, ಹೆಗಲ ಮೇಲಿರೋಳು ನಾದಿನಿಯೋ —