ಮಾಹಿತಿ ಸಾಲದು

ಅಬಲೂರು,
ತಾ. 17-10-1984

ಪ್ರೀತಿಯ ತಮ್ಮ ಮೈಲಾರಪ್ಪಾ,

ನಿನ್ನ ನೆಗಡಿ ಹೋಯಿತೇ? ಹುಬ್ಬಳ್ಳಿಯ ಧೂಳಿನಲ್ಲಿ ಕಿವಿಗೆ ಅರಿವೆ ಕಟ್ಟಿಕೊಂಡು ಬ್ಯಾಂಕಿಗೆ ಹೋಗು ಎಂದು ಅವ್ವ ಹೇಳಿದ್ದಾಳೆ. ಅವಳ ಮೊಣಕಾಲು ಎಂದಿನಂತೆ ನೋಯುತ್ತಿದೆ. ನಿನ್ನ ಬುದ್ಧಿಯ ಆರೋಗ್ಯವನ್ನು ನಾನು ಕೇಳುವುದಿಲ್ಲ. ಅದನ್ನು ನೀನು ಊರಿಗೆ ಬಂದಾಗ ಕಣ್ಣಾರೆ ಕಂಡಿದ್ದೇನೆ.

ಭಾನುವಾರಕ್ಕೊಮ್ಮೆ ಬ್ಯಾಂಕ್ ಪರೀಕ್ಷೆಯ ಹುಡುಗರನ್ನು ಕೂರಿಸಿಕೊಂಡು ತರ್ಕದ ಪತ್ರಿಕೆ ಬಿಡಿಸುವುದನ್ನು ಕಲಿಸುತ್ತೀಯಂತೆ. ನಾಲ್ಕು ಸಾಲಿನ ಸಂಗತಿ, ಅದರ ಕೆಳಗೊಂದು ತೀರ್ಮಾನ. ಖಂಡಿತ ನಿಜ, ಬಹುಶಃ ನಿಜ, ಮಾಹಿತಿ ಸಾಲದು, ಬಹುಶಃ ಸುಳ್ಳು, ಖಂಡಿತ ಸುಳ್ಳು, ಈ ಐದರಲ್ಲಿ ಒಂದಕ್ಕೆ ಗುರುತು ಹಾಕಬೇಕು. ‘ಕೊಟ್ಟದ್ದರ ಹೊರಗೆ ಕಾಲಿಡಬಾರದು’ ಎಂದು ನನಗೂ ಉಪದೇಶ ಮಾಡಿದ್ದೆ. ಆ ಉಪದೇಶ ಅಂಗಳ ದಾಟುವ ತನಕವೂ ಬಾಳಲಿಲ್ಲ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಹೊರಡುವ ದಿನ ನಿನ್ನ ಕೈಯಲ್ಲಿ ಹುಬ್ಬಳ್ಳಿಗೆ ಮೆರುಗು ಹಾಕಿಸಲು ಕಳಿಸೋಣವೆಂದು ಅವ್ವ ಕಿವಿಯ ಬುಗುಡಿ ತೆಗೆಯಲು ಹೋದಳು. ನಿನ್ನ ಹೆಂಡತಿಯಾಗುವವಳಿಗೆಂದು ಎತ್ತಿಟ್ಟಿದ್ದು. ಟ್ರಂಕಿನಲ್ಲಿ ಇರಲಿಲ್ಲ. ನೀನು ಕಟ್ಟೆಯ ಮೇಲೆ ನಿಂತು ಬೆರಳು ಮಡಚಿದೆ. ಒಳಕೋಣೆಗೆ ಹೋಗುವ ಹೊರಗಿನವಳು ಗುತ್ತೆವ್ವ ಒಬ್ಬಳೇ, ಅವಳು ಹೊಸ ಸೀರೆ ಉಟ್ಟಿದ್ದಾಳೆ, ಮರುದಿನ ತಿಳವಳ್ಳಿಗೆ ಹೋಗಲು ರಜೆ ಕೇಳಿದ್ದಾಳೆ. ಆದ್ದರಿಂದ ಖಂಡಿತ ನಿಜ. ಮೂವತ್ತು ವರ್ಷ ನಮ್ಮ ಮನೆಯ ಕಸ ಗುಡಿಸಿದವಳಿಗೆ, ನಿನಗೆ ಎಣ್ಣೆ ತಿಕ್ಕಿ ನೀರು ಹಾಕಿದವಳಿಗೆ, ನಾಲ್ಕು ಮನೆಯವರು ಕೇಳುವಂತೆ ಕಳ್ಳಿ ಎಂದೆ. ಅವಳು ಕಸಬರಿಗೆ ಕೆಳಗಿಟ್ಟು ನಡೆದಳು. ‘ನೋಡ್ರಿ, ಮಾತಿಲ್ಲ’ ಎಂದು ಅದನ್ನೂ ಲೆಕ್ಕಕ್ಕೆ ಹಿಡಿದೆ. ಬ್ಯಾಂಕಿನ ಮಗ ಹೇಳಿದ್ದೆಂದು ಅವ್ವನೂ ನಾನೂ ಸುಮ್ಮನೆ ನಿಂತೆವಲ್ಲ, ಅದಕ್ಕೆ ನನಗೆ ನನ್ನ ಮೇಲೇ ಹೇಸಿಗೆಯಾಗಿದೆ.

ನನ್ನ ನಾಲ್ಕನೆಯ ತರಗತಿಯ ಮಕ್ಕಳು ಪಾಟಿ ಕಳೆದರೆ ಮೊದಲು ತಮ್ಮ ಚೀಲ ನೋಡಿಕೊಳ್ಳುತ್ತಾರೆ. ನಿನ್ನಷ್ಟು ಓದಿಲ್ಲ, ಪಾಪ.

ಅವಳು ದುಡಿಯುತ್ತಿದ್ದ ಇನ್ನೆರಡು ಮನೆಯವರೂ ಬರಬೇಡ ಎಂದಿದ್ದಾರೆ. ಊರಲ್ಲಿ ತಲೆ ಎತ್ತಲಾಗದೆ ಮಗಳ ಮನೆ ಸೇರಿದ್ದಾಳೆ. ಮೊನ್ನೆ ಶಾಲೆಗೆ ರಜೆ ಹಾಕಿ ತಿಳವಳ್ಳಿಗೆ ಹೋಗಿದ್ದೆ. ಸೀರೆ, ಮಗಳ ಬಾಣಂತನ ಮಾಡಿದ್ದಕ್ಕೆ ಬೀಗರು ಉಡಿಸಿದ್ದು. ರಜೆ, ಕೂಸನ್ನು ತೊಟ್ಟಿಲಿಗೆ ಹಾಕಲು. ಕೇಳಿದ್ದರೆ ಎರಡು ಮಾತಿನಲ್ಲಿ ಮುಗಿಯುತ್ತಿತ್ತು. ಬುಗುಡಿಯ ಮಾತು ತೆಗೆದಾಗ ಅವಳು ಹೇಳಿದ್ದು ಇದು: ‘ದಸರಾಕ್ಕ ಸುಣ್ಣಾ ಹಚ್ಚೂ ದಿನ ಟ್ರಂಕ್ ಹೊರಗ ಇಟ್ಟಿದ್ವಿ. ನಿಮ್ಮವ್ವ ಶಾರಕ್ಕ ಬುಗಡಿ ಅರಿವ್ಯಾಗ ಕಟ್ಟಿ ಸಣ್ಣ ಗಡಗಿ ಜ್ವಾಳದಾಗ ಹುಗದ್ಲು. ಮರತಾಳ.’ ಅವತ್ತೇ ಯಾಕೆ ಹೇಳಲಿಲ್ಲ ಎಂದೆ. ‘ಹೆಂಗ ಹೇಳ್ಲಿ ಮಂಜವ್ವಾ? ಇಟ್ಟ ಜಾಗಾ ಹೇಳಿದ್ರ, ಕದ್ದಾಕಿಗೇ ಗೊತ್ತಿರತೈತಿ ಅಂತಿದ್ದ. ಅಂವ ನನ್ನ ಕೇಳಲಿಲ್ಲ, ಹೇಳಿದ.’

ಸಹಿಯ ಬದಲು ಹೆಬ್ಬೆಟ್ಟು ಒತ್ತುವವಳು ನೀನು ಮುಂದೆ ಯಾವುದಕ್ಕೆ ಗುರುತು ಹಾಕುತ್ತೀ ಎಂದು ಮೊದಲೇ ತಿಳಿದು ಬಾಯಿ ಮುಚ್ಚಿಕೊಂಡಿದ್ದಳು. ನಿನ್ನ ಭಾನುವಾರದ ಹುಡುಗರನ್ನು ಅವಳ ಹತ್ತಿರ ಕಳಿಸು.

ಅವ್ವನ ಆಶೀರ್ವಾದ ನಿನಗೆ ಯಾವಾಗಲೂ ಇದೆ. ನನ್ನದನ್ನು ಬಂದು ತೆಗೆದುಕೊಂಡು ಹೋಗು.

ನಿನ್ನ ಅಕ್ಕ,
ಮಂಜವ್ವ

ತಾ.ಕ.: ಟಪಾಲಿನ ಹೊತ್ತಾಯಿತು. ತಿಳವಳ್ಳಿಯಿಂದ ಬಂದ ಕೂಡಲೇ ಆ ಸಣ್ಣ ಗಡಿಗೆ ನೋಡಿದೆವು, ಖಾಲಿ ಇತ್ತು. ನೀನು ಹೊರಡುವ ಹಿಂದಿನ ದಿನವೇ ಅವ್ವ ಅದರ ಜೋಳವನ್ನು ನಿನ್ನ ಚೀಲಕ್ಕೆ ಸುರುವಿ ಬಾಯಿ ಹೊಲಿದಿದ್ದಳು. ಬುಗುಡಿಯನ್ನು ಊರು ದಾಟಿಸಿದವನು ನೀನೇ. ಗಿರಣಿಗೆ ಕೊಡುವ ಮೊದಲು ಚೀಲ ಬಿಚ್ಚಿ ನೋಡು. ಸಿಕ್ಕಿದ ದಿನವೇ ತಿಳವಳ್ಳಿಗೆ ಬಾ. ಅವಳನ್ನು ಕರೆದುಕೊಂಡು ಬಂದು ಅದೇ ಕಟ್ಟೆಯ ಮೇಲೆ ನಿಲ್ಲಿಸಿ, ಅದೇ ನಾಲ್ಕು ಮನೆಯವರ ಮುಂದೆ, ಅವಳು ಕಳ್ಳಿಯಲ್ಲ ಎಂದು ಅಷ್ಟೇ ಗಟ್ಟಿಯಾಗಿ ಹೇಳು. ಅವಳಿಗೆ ನಿನ್ನ ಮೇಲೆ ಸಿಟ್ಟಿಲ್ಲ. ‘ಹುಡುಗ ಮುಂಜಾನಿಂದ ಉಂಡಿರಲಿಕ್ಕಿಲ್ಲ, ಹಸದಿತ್ತು, ಅದಕ್ಕ ಹಂಗ ಅಂದಿತು’ ಎಂದು ತೀರ್ಮಾನಿಸಿದ್ದಾಳೆ. ನೀನು ಅಷ್ಟು ಹೊತ್ತಿಗೆ ಅವಳೇ ಬಡಿದ ರೊಟ್ಟಿ ನಾಲ್ಕು ತಿಂದಿದ್ದೆ. ಖಂಡಿತ ಸುಳ್ಳು ಎಂದು ಗೊತ್ತಿದ್ದೂ ನಾನು ಅವಳಿಗೆ ಹೇಳಲಿಲ್ಲ.