ಲೆಕ್ಕಕ್ಕೆ ಹಿಡಿಯದ ಮಾರು

ಸದಾಶಿವಗಡ
ಸೋಮವಾರ ಸಂಜೆ

ತುಳಸಿದಾಸ ಶೇಟರಿಗೆ ಕೇಬಲ್ ಕೆಲಸದ ಕಿಶನನ ನಮಸ್ಕಾರ.

ನಿಮ್ಮ ಫೋನ್ ಹತ್ತಲಿಲ್ಲ, ಅದಕ್ಕೆ ಈ ಪತ್ರ. ದಯವಿಟ್ಟು ನಾಳೆ ಐಸ್ ಫ್ಯಾಕ್ಟರಿಯ ಹೊಸ ಶೆಡ್ ತೆರೆಯಬೇಡಿ. ಅಮೋನಿಯಾ ಸೋರಿದರೆ ಸೈರನ್ ಕೂಗಲಿ ಎಂದು ಅಲ್ಲಿಂದ ಆಫೀಸಿಗೆ ನಾನು ಎಳೆದ ಕೇಬಲ್ ನೂರು ಮೀಟರಿನೊಳಗೆ ಇರಬೇಕಿತ್ತು; ಅದು ದಾಟಿದರೆ ಸಿಗ್ನಲ್ ಸರಿಯಾಗಿ ತಲುಪುವುದಿಲ್ಲ. ಅದನ್ನು ಬಲೆಯ ಹಗ್ಗದಂತೆ ಕೈಚಾಚಿ ಮಾರಿನಲ್ಲಿ ಅಳೆದೆ. ಉಪ್ಪುನೀರಿಗೆ ಹಗ್ಗ ಕುಗ್ಗುತ್ತದೆಂದು ಐದು ಮಾರು ಎಣಿಸಿದ ಮೇಲೆ ಒಂದು ಮಾರು ಲೆಕ್ಕಕ್ಕೆ ಹಿಡಿಯದೆ ಬಿಡುವುದು ನಮ್ಮ ಮನೆಯ ರೂಢಿ. ಕೈ ಅದನ್ನೇ ಮಾಡಿತು. ತೊಂಬತ್ತೇಳು ಎಂದುಕೊಂಡದ್ದು, ಇಂದು ಟೇಪು ಹಿಡಿದರೆ ನೂರಾ ಹದಿನೈದು ಮೀಟರ್. ಎಂಟು ಸಲ ಪರೀಕ್ಷಿಸಿದೆ; ಮೂರು ಸಲ ಸೈರನ್ ಕೂಗಲೇ ಇಲ್ಲ.

ನಡುವಿನ ಪ್ಯಾಕಿಂಗ್ ಕೋಣೆಯಲ್ಲಿ ಸಿಗ್ನಲ್ ಮುಂದಕ್ಕೆ ದಾಟಿಸುವ ನೆಟ್‌ವರ್ಕ್ ಸ್ವಿಚ್ ಕೂರಿಸಿದರೆ ಸರಿಹೋಗುತ್ತದೆ. ಅಲ್ಲೊಂದು ಪ್ಲಗ್ ಪಾಯಿಂಟ್ ಹಾಕಿಸಿಕೊಡಿ. ಬೈಯುವುದಿದ್ದರೆ ಆಮೇಲೆ ಬೈಯಿರಿ.

ಮೀನು ಆರಿಸುವ ಹೆಂಗಸರಿಗೂ ನೀವೇ ಹೇಳಿ. ಅವರಲ್ಲಿ ನನ್ನ ಆಯಿಯೂ ಇದ್ದಾಳೆ, ನನ್ನ ಮಾತು ಕೇಳುವುದಿಲ್ಲ. ಹಳೆಯ ಶೆಡ್ಡಿನಲ್ಲಿ ಅವಳು ಯಾವಾಗಲೂ ಬಾಗಿಲ ಬಳಿಯೇ ಕೂರುತ್ತಿದ್ದಳು. ನಾಳೆಯಿಂದ ಹೊಸದರಲ್ಲಿ ಒಳಗಿನ ಮೂಲೆಯಲ್ಲಿ ಕೂರುತ್ತಾಳಂತೆ. “ನೀ ಹಾಕಿದ ಸೈರನ್ ಇದ್ಯಲಾ, ಇನ್ನೆಂತಾ ಹೆದ್ರಿಕೆ?” ಎನ್ನುತ್ತಾಳೆ.

ನಿಮ್ಮ ಉತ್ತರಕ್ಕೆ ಕಾದಿರುವ
ಕಿಶನ