ಅಮ್ಮನ ಕೋಣೆ ನನ್ನ ಸಾಲಿನಲ್ಲೇ

ಭಾನುವಾರ ಮಧ್ಯಾಹ್ನ
ಹಡಗಿನ ತಳದ ಅಂತಸ್ತು, ನನ್ನ ಮಂಚ

ಪ್ರೀತಿಯ ಅಮ್ಮನಿಗೆ ನಿನ್ನ ಸಣ್ಣ ಮಗಳ ನಮಸ್ಕಾರ.

ದರ್ಜಿಯಮ್ಮನ ಕೈಯಲ್ಲಿ ನೀನು ಬರೆಸಿದ ಕಾಗದ ತಲುಪಿತು. ಅವರು ಮಗಳ ಹೆರಿಗೆಗೆ ಹೊರಟಿದ್ದಾರೆಂದು ತಿಳಿಯಿತು. ನೀನೂ ಅತ್ತೆಯೂ ಹಡಗಿಗೆ ಬರುವುದು ಗಟ್ಟಿಯಾಯಿತೆಂದು ಓದಿ ಎದ್ದು ಕುಣಿಯಬೇಕೆನಿಸಿತು. ಆದರೆ ನನ್ನ ಮಂಚದ ಮೇಲೆ ಇನ್ನೊಬ್ಬಳ ಮಂಚವಿದೆ. ನೆಟ್ಟಗೆ ಕೂತರೇ ತಲೆ ಬಡಿಯುತ್ತದೆ, ಇನ್ನು ಕುಣಿಯುವುದೆಲ್ಲಿ!

ಹಡಗು ಹೇಗಿರುತ್ತದೆ ಎಂದು ಕೇಳಿದ್ದೀಯ. ಜಾಹೀರಾತಿನಲ್ಲಿ ಕಂಡ ಹಡಗು ಅತ್ತೆಯ ತಲೆಯಲ್ಲಿದ್ದರೆ ಅದನ್ನು ದಡದಲ್ಲೇ ಇಳಿಸಿ ಬರಲಿ. ನಮ್ಮದು ನನಗಿಂತ ವಯಸ್ಸಾದ ಹಡಗು. ತೀರಾ ದೊಡ್ಡದಲ್ಲ, ಸಣ್ಣದೂ ಅಲ್ಲ. ಲಿಫ್ಟು ಬರುವಷ್ಟರಲ್ಲಿ ಮೆಟ್ಟಿಲು ಹತ್ತಿ ಮುಗಿದಿರುತ್ತದೆ. ಕಾರ್ಪೆಟ್ಟಿಗೆ ಅಲ್ಲಲ್ಲಿ ತೇಪೆ. ಒಂದು ಕಡೆ ತುಕ್ಕು ಕೆರೆದು ಬಣ್ಣ ಬಳಿಯುವಷ್ಟರಲ್ಲಿ ಇನ್ನೊಂದು ಕಡೆ ತುಕ್ಕು ಹಲ್ಲು ಕಿರಿಯುತ್ತದೆ. ನಿಮ್ಮ ಕೋಣೆಯ ಕಿಟಕಿ ದುಂಡಗೆ ತಟ್ಟೆಯಷ್ಟಿದೆ, ತೆರೆಯುವುದಿಲ್ಲ. ಬಚ್ಚಲಿನ ಬಾಗಿಲಲ್ಲಿ ಎತ್ತರದ ಹೊಸ್ತಿಲಿದೆ, ಎಲ್ಲರೂ ಮೊದಲ ದಿನ ಎಡವುತ್ತಾರೆ. ಸ್ನಾನದ ಪರದೆ ಒದ್ದೆಯಾಗಿ ಮೈಗೆ ಅಂಟುತ್ತದೆ. ಕಕ್ಕಸಿನ ಗುಂಡಿ ಒತ್ತಿದರೆ ಹುಲಿ ಗರ್ಜಿಸಿದಂತೆ ಸದ್ದು, ಬೆದರಬೇಡ. ಗೋಡೆ ತೆಳು. ಅತ್ತೆಯ ಗೊರಕೆಗೆ ಪಕ್ಕದ ಕೋಣೆಯವರು ದೂರು ಕೊಟ್ಟಾರು, ಎಂಜಿನ್ನಿನ ಗುರುಗುರು ಎಂದು ಸುಳ್ಳು ಹೇಳಿಬಿಡು.

ಆದರೂ ಇದು ಒಳ್ಳೆಯ ಹಡಗು ಅಮ್ಮ. ದೊಡ್ಡ ಹಡಗುಗಳು ದೂರದಲ್ಲೇ ಲಂಗರು ಹಾಕುವ ಸಣ್ಣ ಬಂದರುಗಳಿಗೆ ನಮ್ಮದು ನುಗ್ಗುತ್ತದೆ. ದಡದ ಮನೆಗಳಲ್ಲಿ ಬಟ್ಟೆ ಒಣಹಾಕಿರುವುದು ಮೇಲಿನಿಂದಲೇ ಕಾಣುತ್ತದೆ. ಸುತ್ತಲೂ ನಡೆಯಲು ಮರದ ಹಲಗೆಯ ದಾರಿಯಿದೆ, ಬರಿಗಾಲಿಗೆ ಬೆಚ್ಚಗಿರುತ್ತದೆ. ನಿನ್ನ ಮಂಡಿಗೂ ಹಿತ.

ಇನ್ನು ನೀನು ಕಾಗದದ ಕೊನೆಯಲ್ಲಿ ಬರೆಸಿದ ಮಾತು. ದರ್ಜಿಯಮ್ಮ ನಿನ್ನ ಬಾಯಿಂದ ಬಂದದ್ದನ್ನು ಹಾಗೆಯೇ ಬರೆದಿದ್ದಾರೆ: "ನೀನು ಆಫೀಸಲ್ಲಿದೀಯ ಅಂತ ಎಲ್ರಿಗೂ ಹೇಳಿದೀನಿ ಕಣೆ. ನಾವು ಬಂದಾಗ ಪೊರಕೆ ಬಕೆಟ್ಟು ಹಿಡ್ಕೊಂಡು ಎದುರಿಗೆ ಬರ್ಬೇಡ. ಸಾಯಂಕಾಲ ಒಳ್ಳೆ ಬಟ್ಟೆ ಹಾಕ್ಕೊಂಡು ಬಾ. ನನ್ನ ಮರ್ಯಾದೆ ನಿನ್ನ ಕೈಲಿದೆ."

ಆ ಸಾಲುಗಳನ್ನು ಮತ್ತೆ ಮತ್ತೆ ಓದಿದೆ. ನೀನು ಎದುರಿಗಿದ್ದಿದ್ದರೆ ಎಂದಿನಂತೆ ತಲೆ ತಗ್ಗಿಸಿ ಹೂಂ ಎನ್ನುತ್ತಿದ್ದೆ. ಕಾಗದದ ಮುಂದೆ ತಲೆ ತಗ್ಗಿಸಿದರೂ ಕೈ ಬರೆಯುತ್ತದೆ.

ಬರುವುದಿಲ್ಲ ಅಮ್ಮ. ಒಳ್ಳೆಯ ಬಟ್ಟೆ ಹಾಕಿಕೊಂಡು ನಿನ್ನ ಸುಳ್ಳಿನ ಜೊತೆ ಓಡಾಡಲು ನಾನು ಬರುವುದಿಲ್ಲ.

ನಾನು ಕೋಣೆ ಗುಡಿಸುವವಳು. ಕಕ್ಕಸು ತೊಳೆಯುತ್ತೇನೆ, ಹಾಸಿಗೆ ಹಾಸುತ್ತೇನೆ. ನಮ್ಮ ಮೇಲ್ವಿಚಾರಕಿಗೆ ಹಿಂದಿನಿಂದ ಇಸ್ತ್ರಿ ಎನ್ನುತ್ತೇವೆ. ಹಾಸಿಗೆಯಲ್ಲೂ ಸುಕ್ಕಿರಬಾರದು, ನಮ್ಮ ಮುಖದಲ್ಲೂ ಇರಬಾರದು. ಕೆಲಸ ಮುಗಿದ ಮೇಲೆ ಟವಲ್ಲು ಮಡಚಿ ಆನೆ, ಮೊಲ, ಹಂಸ ಮಾಡಿ ಹಾಸಿಗೆಯ ಮೇಲೆ ಕೂರಿಸುವುದು ಇಲ್ಲಿಯ ಪದ್ಧತಿ. ಮೊದಮೊದಲು ನನ್ನ ಆನೆ ಹಸಿದ ನಾಯಿಯಂತಿತ್ತು. ಈಗ ಹೊಸದಾಗಿ ಸೇರಿದವರನ್ನು ಇಸ್ತ್ರಿ ನನ್ನ ಬಳಿಯೇ ಕಳಿಸುತ್ತಾಳೆ, ಸೊಂಡಿಲು ನಿಲ್ಲಿಸುವುದನ್ನು ಕಲಿಯಲು. ಹೋದ ತಿಂಗಳು ಒಬ್ಬ ಅಜ್ಜಿ ಗಾಲಿಕುರ್ಚಿಯಲ್ಲಿ ಇಳಿಯುವಾಗ ನನ್ನ ಆನೆಯನ್ನು ಬಿಚ್ಚದೆ ತೊಡೆಯ ಮೇಲಿಟ್ಟುಕೊಂಡು ಹೋದರು. ಟವಲ್ಲು ಕಾಣೆಯಾದದ್ದಕ್ಕೆ ಇಸ್ತ್ರಿ ಬೈದಳು. ನನಗೆ ಬೈಗುಳ ಕೇಳಿಸಲೇ ಇಲ್ಲ.

ಇದರಲ್ಲಿ ನಾಚಿಕೆ ಪಡುವಂಥದ್ದು ಏನಿದೆ, ನೀನೇ ಹೇಳು. ನೀನೂ ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಒಗೆದೇ ನಮ್ಮನ್ನು ಸಾಕಿದೆ. ಆಗ ನಾನು ನಿನ್ನನ್ನು ಯಾರ ಎದುರೂ ಡಾಕ್ಟರು ಎಂದು ಹೇಳಲಿಲ್ಲ. ಶಾಲೆಯಲ್ಲಿ ಕೇಳಿದಾಗ ನಮ್ಮಮ್ಮ ಬಟ್ಟೆ ಒಗೀತಾರೆ ಎಂದೆ. ನಾನು ಅಲ್ಲಿ ಜೋರಾಗಿ ಹೇಳಿದ ಒಂದೇ ಮಾತು ಅದು.

ಕೆಲಸದವರ ನೆಂಟರು ಬಂದರೆ ಅವರ ಕೋಣೆ ಗುಡಿಸುವ ಕೆಲಸವನ್ನು ಬೇರೆಯವರಿಗೆ ಕೊಡುವುದು ರೂಢಿ. ಇಸ್ತ್ರಿ ನನ್ನನ್ನು ಕರೆದು, "ನಿಮ್ಮಮ್ಮನ ರೂಮು ಇನ್ನೊಬ್ಬಳಿಗೆ ಹಾಕ್ಲಾ? ಮುಜುಗರ ಆಗಲ್ವೇನೆ?" ಎಂದು ಕೇಳಿದಳು. "ನಮ್ಮಮ್ಮನ ಹಾಸಿಗೆ ನಾನೇ ಹಾಸ್ತೀನಿ" ಎಂದೆ. ದನಿ ಮೆಲ್ಲಗಿತ್ತು. ಆದರೆ ಹೇಳಿದೆ. ನಿಮ್ಮ ಕೋಣೆ ಈಗ ನನ್ನ ಸಾಲಿನಲ್ಲೇ ಇದೆ.

ಬೆಳಿಗ್ಗೆ ತಿಂಡಿಗೆ ನೀವು ಹೊರಡುವ ಹೊತ್ತಿಗೆ ಬಾಗಿಲು ತಟ್ಟುತ್ತೇನೆ. ನೀಲಿ ಸಮವಸ್ತ್ರ, ಕೈಯಲ್ಲಿ ಬಕೆಟ್ಟು. ನೀನು ಮುಖ ತಿರುಗಿಸಿಕೊಂಡರೂ ಹಾಸಿಗೆ ಹಾಸಿಯೇ ಹೋಗುತ್ತೇನೆ, ಸುಕ್ಕಿಲ್ಲದ ಹಾಗೆ. ತಿರುಗಿಸಿಕೊಳ್ಳದಿದ್ದರೆ "ಇವಳು ನನ್ನ ಮಗಳು" ಎಂದು ಹೇಳು. ಅಷ್ಟು ಸಾಕು.

ಮಂಡಿಗೆ ಹಚ್ಚುವ ಎಣ್ಣೆ ಮರೆಯದೆ ತಾ. ಹೊಸ್ತಿಲು ನೋಡಿಕೊಂಡು ಕಾಲಿಡು.

ಇಂತಿ,
ಬಕೆಟ್ಟು ಕೆಳಗಿಡದ ನಿನ್ನ ಮಗಳು

ತಾ.ಕ.: ಅತ್ತೆ, ದರ್ಜಿಯಮ್ಮ ಇಲ್ಲದ ಮೇಲೆ ಅಮ್ಮನಿಗೆ ಈ ಕಾಗದ ಓದಿ ಹೇಳುತ್ತಿರುವವರು ನೀವೇ ಎಂದು ನನಗೆ ಗೊತ್ತು. ಗೊತ್ತಿದ್ದೇ ಬರೆದೆ. ಗೊರಕೆಯ ಮಾತಿಗೆ ಕ್ಷಮೆಯಿರಲಿ, ಉಳಿದ ಯಾವ ಮಾತಿಗೂ ಬೇಡ. ಮೂಗಬಸವಿ ಬಾಯಿ ಬಿಡೋದು ಯಾವತ್ತು ಎಂದು ಚಿಕ್ಕಂದಿನಿಂದ ನನ್ನನ್ನು ಕೇಳುತ್ತಿದ್ದಿರಲ್ಲ, ಇವತ್ತು ಬಿಟ್ಟಿದ್ದೇನೆ. ಅದೂ ನಿಮ್ಮ ಬಾಯಿಂದಲೇ. ಅಮ್ಮ ಈಗ ಅಳುತ್ತಿದ್ದರೆ ನೀರು ಕೊಡಿ, ಬೈಯುತ್ತಿದ್ದರೆ ಬೈಯಲು ಬಿಡಿ. ಸುಮ್ಮನೆ ಕೂತಿದ್ದರೆ ದಯವಿಟ್ಟು ಈ ಕಡೆಯ ಸಾಲನ್ನೂ ಓದಿ ಹೇಳಿ: ಅಮ್ಮ, ನಿನ್ನ ಹಾಸಿಗೆಯ ಮೇಲೆ ಆನೆ ಕೂತಿರುತ್ತದೆ. ಅದನ್ನು ಬಿಚ್ಚಬೇಡ.